ಅಕ್ಕನ ಹೂಂ

ನಲ್ಲಿ ತಿರುಗಿಸಿ, ನೀರು ಬೀಳುವ ಸದ್ದು ತನ್ನ ಮಾತನ್ನು ಮುಚ್ಚುವಷ್ಟು ಜೋರಾದ ಮೇಲೆ ಅವಳು ಅಕ್ಕನಿಗೆ ಫೋನು ಮಾಡಿದಳು. ಪರರ ಮನೆಯ ಬಚ್ಚಲು. ಕನ್ನಡಿಯ ಕೆಳಗೆ ಲೋಟದಲ್ಲಿ ಒಂಟಿ ಬ್ರಷ್ಷು, ಕಿಟಕಿಯ ಅಂಚಿನಲ್ಲಿ ಸವೆದ ಸೋಪಿನ ಚೂರುಗಳನ್ನೆಲ್ಲ ಒತ್ತಿ ಒಂದು ಮಾಡಿದ ಬಣ್ಣಬಣ್ಣದ ಉಂಡೆ. ಸೋಪಿನ ಚೂರನ್ನೂ ಎಸೆಯದ ಹೆಂಗಸು. ಅಂಥವರ ಬಟ್ಟೆಗೆ ಕತ್ತರಿ ಹಾಕಲು ಬಂದಿದ್ದೇನಲ್ಲ ಎಂದುಕೊಂಡಳು. ಫೋನು ಆ ಕಡೆ ಹೊಡೆದುಕೊಳ್ಳುತ್ತಲೇ ಇತ್ತು. ಅಕ್ಕ ಎತ್ತಲಿಲ್ಲ. ನೀರು ಸುಮ್ಮನೆ ಹರಿದು ಹೋಗುತ್ತಿದೆಯೆಂದು ನಾಚಿಕೆಯಾಗಿ ನಲ್ಲಿ ನಿಲ್ಲಿಸಿದಳು, ಆ ನಿಶ್ಶಬ್ದಕ್ಕೆ ಹೆದರಿ ಮತ್ತೆ ಬಿಟ್ಟಳು.

ಈ ದೇಶದಲ್ಲಾಗಲಿ, ಇದಕ್ಕೆ ಮೊದಲು ಇದ್ದ ದೇಶದಲ್ಲಾಗಲಿ, ಹೊಲಿಯಲು ಹೋದ ಒಂದೊಂದು ಮನೆಯನ್ನೂ ಅವಳು ಬಚ್ಚಲಿನಿಂದಲೇ ನೆನಪಿಟ್ಟುಕೊಂಡಿದ್ದಾಳೆ. ಚಕ್ರದ ಸೂಟ್‌ಕೇಸಿನಲ್ಲಿ ಮೆಷಿನ್ನು, ಹೆಗಲ ಚೀಲದಲ್ಲಿ ಟೇಪು, ಚಾಕ್‌ಪೀಸು, ಗುಂಡುಸೂಜಿಯ ಡಬ್ಬಿ, ಅಮ್ಮನ ಕಾಲದ ದೊಡ್ಡ ಕತ್ತರಿ. ಊರಿಂದೂರಿಗೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ, ಕರೆದವರ ಮನೆಯಲ್ಲೇ ಅಳತೆ ತೆಗೆದು, ಅವರ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಗೆರೆ ಎಳೆಯುತ್ತಾಳೆ. ಅಲ್ಲಿಯವರೆಗೆ ಕೈ ಸರಾಗ. ಕತ್ತರಿ ಎತ್ತಿಕೊಂಡ ಮೇಲೆ ಮಾತ್ರ ಒಂದು ನಿಮಿಷ ಬಂದೆ ಎಂದು ಹೇಳಿ ಬಚ್ಚಲಿಗೆ ನುಗ್ಗುತ್ತಾಳೆ. ನಲ್ಲಿ ಬಿಡುತ್ತಾಳೆ. ಅಕ್ಕಾ, ರೇಷ್ಮೆ ಥರ ಜಾರೋ ಬಟ್ಟೆ, ಎದೆ ಇಷ್ಟು, ಬೆನ್ನು ಇಷ್ಟು, ಎಳೆ ನೇರ ಇಟ್ಟಿದೀನಿ, ಶುರು ಮಾಡ್ಲಾ ಎಂದು ಪಿಸುಗುಟ್ಟುತ್ತಾಳೆ. ಅಷ್ಟು ದೂರದಿಂದ, ಸಮುದ್ರಗಳನ್ನೆಲ್ಲ ದಾಟಿ, ಅಕ್ಕನ ಹೂಂ ಬರುತ್ತದೆ. ಆಮೇಲೆ ನೋಡಬೇಕು ಅವಳ ಕತ್ತರಿಯನ್ನು. ನಿಂತ ಗಿರಾಕಿಯ ಕಣ್ಣು ರೆಪ್ಪೆ ಬಡಿಯುವುದರೊಳಗೆ ಬೆನ್ನಿನ ತುಂಡು ಬೇರೆ, ಮುಂಭಾಗದ ತುಂಡು ಬೇರೆ.

ಇದರಿಂದ ಒಂದು ಎಡವಟ್ಟಾಗಿತ್ತು. ಒಬ್ಬ ಗಿರಾಕಿ ಇನ್ನೊಬ್ಬರಿಗೆ ಅವಳ ಹೆಸರು ಹೇಳುವಾಗ ಕೈಕೆಲಸ ಚೊಕ್ಕ ಎನ್ನುವುದರ ಜೊತೆಗೆ, ಪಾಪ, ಹೊಟ್ಟೆ ಸರಿಯಿಲ್ಲ ಅಂತಲೂ ಸೇರಿಸಿ ಹೇಳುತ್ತಿದ್ದರು. ಒಂದು ಮನೆಯಲ್ಲಿ ಮೇಷ್ಟರೊಬ್ಬರು ಅವಳು ಬಾಗಿಲು ದಾಟುವ ಮೊದಲೇ ಯಾವುದೋ ಪುಡಿಯನ್ನು ನೀರಿನಲ್ಲಿ ಕದಡಿ ಕೊಟ್ಟಿದ್ದರು. ಬೇಡ ಎನ್ನಲು ಬಾಯಿ ಬರದೆ ಅವಳು ಅದನ್ನು ಗಟಗಟ ಕುಡಿದಿದ್ದಳು, ಆ ಪುಡಿಯ ದೆಸೆಯಿಂದ ಅವತ್ತು ನಿಜವಾಗಿಯೂ ಬಚ್ಚಲಿಗೆ ಓಡಬೇಕಾಗಿ ಬಂದಿತ್ತು. ಇವತ್ತು ಈ ಮನೆಯ ಯಜಮಾನಿ ಕದ ತೆಗೆದವರೇ, ಬಾ ಎನ್ನುವುದಕ್ಕೂ ಮುಂಚೆ, "ಬಚ್ಚಲು ಎಡಗಡೆ" ಎಂದರು. ನಗು ತಡೆದುಕೊಂಡಿದ್ದಳು. ಈಗ ಅದೇ ಎಡಗಡೆಯ ಬಚ್ಚಲಿನಲ್ಲಿ ನಿಂತು, ಕಿವಿಗೆ ಫೋನು ಒತ್ತಿಕೊಂಡು, ನಗು ಬರದೆ, ಎತ್ತೇ ಅಕ್ಕ, ಎತ್ತೇ ಎಂದುಕೊಳ್ಳುತ್ತಿದ್ದಳು.

ಮನೆಯ ಯಜಮಾನಿಗೆ ಅವಳು ಮನಸ್ಸಿನಲ್ಲಿ ಇಟ್ಟಿದ್ದ ಹೆಸರು ದೋಣಿಯಮ್ಮ. ಈ ದಂಡೆಯಿಂದ ಆ ದಂಡೆಗೆ ಜನರನ್ನು ಸಾಗಿಸುವ ಲಾಂಚನ್ನು ನಡೆಸುವವರು. ಇಬ್ಬರಿಗೂ ಹುಟ್ಟಿನಿಂದ ಬಂದದ್ದಲ್ಲದ ಒಂದು ಭಾಷೆಯಲ್ಲಿ, ತಡವರಿಸಿದಲ್ಲಿ ಕೈಬೀಸಿ, ಅವರು ಮಾತಾಡಿಕೊಳ್ಳುತ್ತಿದ್ದರು. ದೋಣಿಯಮ್ಮ ಟ್ರಂಕಿನ ಮುಚ್ಚಳ ತೆಗೆದು ಬಟ್ಟೆಯನ್ನು ಹೊರಗೆಳೆದಾಗ ನುಸಿಗುಳಿಗೆಯ ವಾಸನೆ ಕೋಣೆ ತುಂಬಿತ್ತು. ದಪ್ಪ ನೀಲಿ ಉಣ್ಣೆ. ಅಂಗೈ ಇಟ್ಟರೆ ಒಳಗಿನಿಂದ ಬೆಚ್ಚಗೆ ಒತ್ತುವಂಥದ್ದು. ಇಂಥ ನೇಯ್ಗೆ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಅವಳಿಗೆ ಬೆರಳು ತಾಗಿದಾಗಲೇ ಗೊತ್ತಾಗಿತ್ತು.

"ನಮ್ಮತ್ತೆ ತಗೊಂಡಿದ್ದು," ಎಂದಿದ್ದರು ದೋಣಿಯಮ್ಮ. "ಅವ್ರ ಮದುವೆ ಹೊಸದ್ರಲ್ಲಿ. ಕೋಟು ಹೊಲಿಸ್ಕೋಬೇಕು ಅಂತ. ಆಮೇಲೆ ಕತ್ತರಿಸಕ್ಕೆ ಭಯ ಆಯ್ತಂತೆ, ಎಲ್ಲಿ ಹಾಳಾಗತ್ತೋ ಅಂತ. ಯಜಮಾನ್ರ ಕೈಗೆ ಬಂತು. ಅವ್ರಿಗೂ ಭಯ. ಈಗ ನನ್ನ ಸರದಿ. ನಾವೆಲ್ಲಾ ಇದ್ರ ಮುಂದೆ ನಿಂತು ನಿಂತು ಟ್ರಂಕು ಮುಚ್ಚಿರೋರೇ."

"ಈಗ ಯಾಕೆ ಧೈರ್ಯ ಬಂತು?"

"ಬಂದಿಲ್ಲ. ನೀನು ಬಂದಿದೀಯಲ್ಲ." ಅವರು ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದರು. "ಬರೋ ವಾರ ಊರು ಬಿಟ್ಟು ಹೊರಟಿದೀನಿ. ಜೀವಮಾನ ಎಲ್ಲಾ ಬೇರೆಯವರನ್ನ ದಾಟಿಸಿದ್ದಾಯ್ತು. ಈ ಸಲ ನಾನು ಕಿಟಕಿ ಪಕ್ಕ ಕೂತ್ಕೊಂಡು ಹೋಗ್ತೀನಿ, ಇನ್ಯಾರೋ ನಡೆಸ್ಲಿ. ಆ ಕಡೆ ತುಂಬಾ ಚಳಿಯಂತೆ. ಈ ಬಟ್ಟೇಲಿ ಕೋಟು ಆಗ್ಬೇಕು. ಬೇರೆ ಕೋಟು ತಗೊಳಲ್ಲ ನಾನು."

ಬಟ್ಟೆ ಒಂದು ಕೋಟಿಗೆ ಸರಿಯಾಗಿತ್ತು. ಒಂದು ತೋಳು ತಪ್ಪಿದರೆ ಇನ್ನೊಂದು ತೋಳಿಗೆ ಬಟ್ಟೆಯಿಲ್ಲ. ಅಳೆದಳು, ಮೇಜಿನ ಮೇಲೆ ಹಾಸಿದಳು, ಬಿಳಿ ಚಾಕ್‌ಪೀಸಿನಲ್ಲಿ ಗೆರೆ ಎಳೆದಳು, ಸುತ್ತ ಒಂದು ಸಲ ನಡೆದು ನೋಡಿದಳು. ತೃಪ್ತಿಯಾಯಿತು. ಕತ್ತರಿ ಎತ್ತಿದಳು. ಕೈ ಗಾಳಿಯಲ್ಲಿ ನಿಂತಿತು. ದೋಣಿಯಮ್ಮ ಸಹಾನುಭೂತಿಯಿಂದ ಎಡಗಡೆಗೆ ಕೈ ತೋರಿಸಿದರು.

ಮೊದಲಿನಿಂದಲೂ ಅಷ್ಟೆ, ಊರಿನ ಹೊಲಿಗೆ ಅಂಗಡಿಯಲ್ಲಿ ಅಕ್ಕ ಅಳತೆ ತೆಗೆಯುವವಳು, ಗೆರೆ ಎಳೆಯುವವಳು, ಪಿನ್ನು ಚುಚ್ಚುವವಳು, ಗಿರಾಕಿಗಳ ಜೊತೆ ಜಗಳವಾಡಿ ನಗಿಸಿ ಕಳಿಸುವವಳು. ಕತ್ತರಿ ತಂಗಿಯದು. ಅಮ್ಮ ಹಾಗೆ ಹಂಚಿಕೊಟ್ಟು ಹೋಗಿದ್ದಳು, ಯಾಕೆಂದು ಇಬ್ಬರೂ ಕೇಳಿರಲಿಲ್ಲ. ಅವಳು ಕತ್ತರಿಯ ಬಾಯಿ ತೆರೆದು ಹಿಡಿದು, ಅಕ್ಕಾ, ಶುರು ಮಾಡ್ಲಾ ಎನ್ನುತ್ತಿದ್ದಳು. ಗಿರಾಕಿಯ ಕಾಲ ಬಳಿ ಮಂಡಿಯೂರಿ ಲಂಗದ ಅಂಚು ಮಡಿಸುತ್ತಿರುವ ಅಕ್ಕ, ಹೂಂ. ಆ ಹೂಂನಲ್ಲಿ ಏನೆಲ್ಲ ಇರುತ್ತಿತ್ತು. ನಾನು ನೋಡಿದ್ದೇನೆ, ಸರಿಯಿದೆ, ಕೆಟ್ಟರೆ ನನ್ನ ತಲೆಯ ಮೇಲೆ, ನೀನು ಹೆದರಬೇಡ. ಹೂಂ ಇಲ್ಲದೆ ಅವಳು ಒಂದು ಕರವಸ್ತ್ರವನ್ನೂ ಕತ್ತರಿಸಿದವಳಲ್ಲ. ಪರದೇಶಕ್ಕೆ ಬಂದು ಮೊದಲು ಸೇರಿದ ಹೊಲಿಗೆಮನೆಯಲ್ಲಿ ಅವಳು ಕತ್ತರಿ ಹಿಡಿದು ಹಾಗೆ ಕಣ್ಣು ಮುಚ್ಚಿ ನಿಂತದ್ದನ್ನು ಕಂಡು ಒಡತಿ, ಕೆಲಸಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತಾಳೆ ಅಂದುಕೊಂಡು ತಾನೂ ತಲೆ ಬಗ್ಗಿಸಿದ್ದಳು. ಮಾರನೆಯ ದಿನದಿಂದ ಎಲ್ಲರೂ ಬಗ್ಗಿಸತೊಡಗಿದರು. ಅವಳು ಕಣ್ಣುಮುಚ್ಚಿ ನೆನೆಯುತ್ತಿದ್ದುದು ಬೆಳಿಗ್ಗೆ ಫೋನಿನಲ್ಲಿ ಸಿಕ್ಕಿದ ಹೂಂ ಅನ್ನು, ಅಕ್ಕನ ಮೂಗಿನ ಮೇಲಿನ ಬೆವರನ್ನು. ಅಲ್ಲಿ ಇದ್ದಷ್ಟು ದಿನವೂ ದೈವಭಕ್ತೆ ಅನ್ನಿಸಿಕೊಂಡು, ಅಲ್ಲ ಎಂದು ಹೇಳದೆ, ಆ ಗೌರವವನ್ನು ಕಳ್ಳಿಯ ಹಾಗೆ ಅನುಭವಿಸಿದ್ದಳು.

ಆ ಹೊಲಿಗೆಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪ್ಯಾಂಟಿನ ಕಾಲು ಮಡಿಸಿ ಮಡಿಸಿ ತಲೆ ಕೆಟ್ಟುಹೋಗಿ, ಇನ್ನು ಸ್ವಂತವಾಗಿ ಮಾಡುತ್ತೇನೆ, ಊರೂರು ತಿರುಗುತ್ತೇನೆ, ಯಾರ ಕೈಕೆಳಗೂ ಇರುವುದಿಲ್ಲ ಎಂದು ತೀರ್ಮಾನಿಸಿದ್ದಳು. ತೀರ್ಮಾನಿಸಿ, ಅಲ್ಲಿನ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಅಕ್ಕಾ ಸ್ವಂತ ಶುರು ಮಾಡ್ಲಾ ಎಂದು ಕೇಳಿದ್ದಳು. ಹೂಂ ಬಂದಿತ್ತು. ನಾನು ಸ್ವತಂತ್ರಳು ಎಂದು ಅವಳು ರೈಲಿನಲ್ಲಿ ಕೂತು ತನಗೆ ತಾನೇ ಹೇಳಿಕೊಂಡಾಗೆಲ್ಲ ಈ ಸಂಗತಿ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು. ಭಾಷೆ ಕಲಿತಳು, ರಸ್ತೆ ಕಲಿತಳು, ಅಪರಿಚಿತ ಊರಿನಲ್ಲಿ ಸಂಜೆಯ ಹೊತ್ತಿಗೆ ಕೋಣೆ ಹುಡುಕುವುದನ್ನು ಕಲಿತಳು, ಕೂಲಿ ಚೌಕಾಸಿ ಮಾಡಿದವನಿಗೆ ಬಾಗಿಲು ತೋರಿಸುವುದನ್ನೂ ಕಲಿತಳು. ಅಕ್ಕನ ಹೂಂ ಒಂದನ್ನು ದಾಟಲಾಗಲಿಲ್ಲ. ಅದೂ ಅಲ್ಲದೆ, ಅಂಗಡಿಗೆ ಇದ್ದ ಒಂದೇ ಒಳ್ಳೆಯ ಕತ್ತರಿಯನ್ನು ಹೊರಡುವ ದಿನ ಕೇಳದೆ ಸೂಟ್‌ಕೇಸಿಗೆ ಹಾಕಿಕೊಂಡು ಬಂದಿದ್ದಳು. ಅದು ಅಪ್ಪಣೆಯಿಲ್ಲದೆ ಮಾಡಿದ ಒಂದೇ ಕೆಲಸ. ಅಕ್ಕ ಇವತ್ತಿನವರೆಗೆ ಕತ್ತರಿಯ ಸುದ್ದಿ ಎತ್ತಿಲ್ಲ.

ಎರಡನೆಯ ಸಲವೂ ಫೋನು ಹೊಡೆದು ಹೊಡೆದು ಸುಮ್ಮನಾಯಿತು. ಬಚ್ಚಲಿನ ಬಾಗಿಲ ಮೇಲೆ ಮೆತ್ತಗೆ ಬಡಿದ ಸದ್ದು. "ಹೊಟ್ಟೆ ಹೇಗಿದೆ? ಬಿಸಿನೀರು ಕಾಯಿಸ್ಲಾ?"

ಅವಳು ನಲ್ಲಿ ನಿಲ್ಲಿಸಿದಳು. ಕನ್ನಡಿಯಲ್ಲಿ ಕಂಡ ನಡುವಯಸ್ಸಿನ ಹೆಂಗಸು, ಕೊರಳಲ್ಲಿ ಟೇಪು, ಕಿವಿಯ ಹಿಂದೆ ಚಾಕ್‌ಪೀಸು, ಪರರ ಬಚ್ಚಲಿನಲ್ಲಿ ಅಡಗಿಕೊಂಡಿದ್ದಾಳೆ. ಅವಳಿಗೆ ತನ್ನ ಮೇಲೆ ಸಿಟ್ಟು ಬಂತು, ಕೂಡಲೇ ನಗುವೂ ಬಂತು. ಬಾಗಿಲು ತೆಗೆದಳು.

"ನನ್ ಹೊಟ್ಟೆ ಚೆನ್ನಾಗೇ ಇದೆ," ಎಂದಳು. "ಯಾವತ್ತೂ ಕೆಟ್ಟಿಲ್ಲ. ನಮ್ಮಕ್ಕ ಫೋನ್ ಎತ್ತುತಿಲ್ಲ."

ಎಲ್ಲವನ್ನೂ ಹೇಳಿದಳು. ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು, ಸಿಕ್ಕಿಬಿದ್ದ ಹುಡುಗಿಯ ಹಾಗೆ ನೆಲ ನೋಡುತ್ತ ಹೇಳಿದಳು. ದೋಣಿಯಮ್ಮ ಕೇಳುತ್ತ ಕೇಳುತ್ತ ಬಾಯಿಗೆ ಸೆರಗಿಲ್ಲದ್ದಕ್ಕೆ ಒಲೆಬಟ್ಟೆಯನ್ನೇ ಒತ್ತಿಕೊಂಡರು. ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಷ್ಟ್ರು ಪುಡಿ ಕೊಟ್ರಾ? ನಿನ್ ಹೆಸ್ರು ಹೇಳಿದ್ದೇ ಅವ್ರು. ಆ ಪುಡಿ ನಂಗೂ ಕೊಟ್ಟಿದ್ರು, ನಿಂಗೆ ಕೊಡು ಅಂತ. ಅಲ್ಲೇ ಇದೆ ನೋಡು." ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಕಾಗದದ ಪೊಟ್ಟಣ ನಿಜವಾಗಿಯೂ ಇತ್ತು. ಅವಳಿಗೆ ಕೂಡ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು.

"ಅಷ್ಟೇ ತಾನೆ," ಎಂದರು ದೋಣಿಯಮ್ಮ ಕಣ್ಣೊರೆಸಿಕೊಂಡು. "ನಿಮ್ಮಕ್ಕ ಏನಂತಾಳೆ ಹೇಳ್ಕೊಡು. ನಾನು ಅಂತೀನಿ."

ಹೇಳಿಕೊಟ್ಟಳು. ಇಬ್ಬರೂ ಮೇಜಿನ ಬಳಿ ಬಂದರು. ಅವಳು ಕತ್ತರಿಯ ಬಾಯಿ ತೆರೆದು ಹಿಡಿದಳು. ದೋಣಿಯಮ್ಮ ಬೆನ್ನು ನೆಟ್ಟಗೆ ಮಾಡಿ, ಲಾಂಚಿನ ಹಾರನ್ನಿನ ಹಾಗೆ, ಉದ್ದಕ್ಕೆ ಹೂಂ ಎಂದರು. ಕಿಟಕಿಯ ಗಾಜು ಗುಂಯ್ ಎಂದಿತು. ಕೈ ಮುಂದೆ ಹೋಗಲಿಲ್ಲ. ಇನ್ನೊಂದು ಸಲ, ಸ್ವಲ್ಪ ಮೆಲ್ಲಗೆ, ಅಂದರು. ಊಹೂಂ. ಬಟ್ಟೆಯ ಗಂಧಗಾಳಿ ಗೊತ್ತಿಲ್ಲದವರ ಹೂಂ ನಂಬುವುದು ಹೇಗೆ ಎಂದು ಮನಸ್ಸು ಮೊಂಡು ಹಿಡಿದಿತ್ತು. ದೋಣಿಯಮ್ಮನ ಮುಖದ ನಗು ಇಳಿಯಿತು. "ಬೇಡ ಬಿಡು," ಎಂದರು. "ನಿಂಗೂ ಭಯ ಆದ್ರೆ ಮಡಚಿ ಇಟ್ಬಿಡೋಣ. ನಂಗೆ ಅಭ್ಯಾಸ ಇದೆ." ಅವರು ಮಂಚದ ಕೆಳಗೆ ಬಗ್ಗಿ ಟ್ರಂಕಿಗೆ ಕೈ ಹಾಕಿದರು. ತಗಡು ನೆಲಕ್ಕೆ ಉಜ್ಜಿದ ಆ ಸದ್ದು ಅವಳ ಮೈಯನ್ನೆಲ್ಲ ಕೆರೆಯಿತು. ನನ್ನ ಕಣ್ಣೆದುರಿಗೆ ಇದು ಮತ್ತೆ ಟ್ರಂಕಿಗೆ ಹೋಗುವುದೆಂದರೆ ನಾನು ಇಷ್ಟು ದೂರ ಬಂದಿದ್ದಾದರೂ ಏನು ಕಡಿದು ಕಟ್ಟೆ ಹಾಕಲಿಕ್ಕೆ?

"ತಡೀರಿ," ಎಂದಳು. "ಕಾಲರ್ ಹತ್ರ ಬಟ್ಟೆ ಜರುಗ್ತಿದೆ. ಪಿನ್ ಚುಚ್ಚಿ ನೋಡ್ತೀನಿ."

ಕಾಲರಿನ ಹತ್ತಿರ ಬಟ್ಟೆ ಜರುಗುತ್ತಿರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ಗುಂಡುಸೂಜಿಯ ಡಬ್ಬಿಯಿಂದ ಒಂದಷ್ಟು ತೆಗೆದು, ಎರಡೂ ಕೈ ಬಿಡುವಾಗಿರಲೆಂದು ತುಟಿಗಳ ನಡುವೆ ಹಿಡಿದುಕೊಂಡಳು. ತಣ್ಣನೆಯ ಲೋಹದ ರುಚಿ ನಾಲಿಗೆಗೆ ತಾಗಿದ ಕೂಡಲೇ ಅಂಗಡಿ ಬಂತು. ಅಂಗಡಿಯ ಹಳೆಯ ಫ್ಯಾನು, ಗಿರಾಕಿಯ ಕಾಲ ಬಳಿ ಮಂಡಿಯೂರಿದ ಅಕ್ಕ, ಅಕ್ಕನ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ. ಯಾವಾಗಲೂ ಗುಂಡುಸೂಜಿ. ಅವಳು ಅಕ್ಕಾ ಶುರು ಮಾಡ್ಲಾ ಎಂದಾಗ ಅಕ್ಕ ತಿರುಗಿ ನೋಡುತ್ತಿದ್ದಳೇ? ಒಂದು ದಿನವಾದರೂ ಎದ್ದು ಬಂದು ಮೇಜಿನ ಮೇಲಿನ ಬಟ್ಟೆ ನೋಡಿದ್ದಳೇ? ಕಣ್ಣು ಲಂಗದ ಅಂಚಿನ ಮೇಲೆ, ಕಿವಿ ಗಿರಾಕಿಯ ಮನೆಯ ಪಂಚಾಯಿತಿಯ ಮೇಲೆ, ಬಾಯಿಯ ತುಂಬ ಸೂಜಿ. ಬಾಯಲ್ಲಿ ಅಷ್ಟು ಸೂಜಿ ಇಟ್ಟುಕೊಂಡವಳು ಹೂಂ ಅನ್ನದೆ ಇನ್ನೇನು ಅನ್ನಬೇಕಿತ್ತು? ಇಷ್ಟು ವರ್ಷ ತಾನು ಅಪ್ಪಣೆ ಎಂದು ತಲೆಯ ಮೇಲೆ ಹೊತ್ತುಕೊಂಡಿದ್ದು ಬಾಯಿ ತೆರೆಯಲಾರದವಳ ಒಂದು ಸದ್ದು. ಫೋನಿನಲ್ಲಿ ಹೂಂ ಎಂದಾಗಂತೂ ಅಕ್ಕ ಬಟ್ಟೆಯನ್ನು ಕಂಡವಳೇ ಅಲ್ಲ. ಅವಳಿಗೆ ಅವಮಾನವಾಯಿತು. ಆದರೆ ಎಂಥ ಅವಮಾನ ಅದು, ಮೈಮೇಲಿದ್ದ ಭಾರದ ಮೂಟೆಯನ್ನು ಯಾರೋ ಇಳಿಸಿ, ಒಳಗೆ ಬರೀ ಹತ್ತಿ ಇತ್ತು ನೋಡು ಎಂದು ತೋರಿಸಿದ ಹಾಗೆ. ಹಾಗಾದರೆ ಅಂಗಡಿಯಲ್ಲಿ ಕತ್ತರಿಸಿದ ಬಟ್ಟೆಯನ್ನೆಲ್ಲ ಕತ್ತರಿಸಿದ್ದು ಯಾರು?

"ಏನಮ್ಮಾ," ಎಂದರು ದೋಣಿಯಮ್ಮ, ಟ್ರಂಕಿನ ಮುಚ್ಚಳ ಹಿಡಿದುಕೊಂಡು. "ಶುರು ಮಾಡ್ತೀಯಾ?"

"ಹೂಂ," ಎಂದಳು ಅವಳು.

ಬಾಯಲ್ಲಿ ಸೂಜಿಯಿತ್ತು, ಬೇರೇನೂ ಅನ್ನುವ ಹಾಗಿರಲಿಲ್ಲ. ತನ್ನ ಮೂಗಿನಿಂದಲೇ ಹೊರಟ ಆ ಸದ್ದು ತನ್ನ ಕಿವಿಗೆ ಬಿತ್ತು. ಕತ್ತರಿ ನೀಲಿ ಉಣ್ಣೆಯೊಳಕ್ಕೆ ಇಳಿಯಿತು. ದಪ್ಪ ಬಟ್ಟೆ ಕತ್ತರಿಗೆ ಕೊಡುವ ಆ ಕರಕರ ಸದ್ದು ಮೇಜಿನ ಮರದಲ್ಲೆಲ್ಲ ಹರಿಯಿತು. ಬೆನ್ನಿನ ಗೆರೆಯ ಉದ್ದಕ್ಕೂ ನಿಲ್ಲಿಸದೆ ಹೋದಳು, ತೋಳಿನ ತಿರುವಿನಲ್ಲಿ ಮೆಲ್ಲಗೆ ತಿರುಗಿದಳು, ಕಾಲರಿನ ಹತ್ತಿರ ಕತ್ತರಿಯ ತುದಿಯನ್ನಷ್ಟೆ ಆಡಿಸಿದಳು. ದೋಣಿಯಮ್ಮ ಉಸಿರು ಬಿಗಿಹಿಡಿದು ನಿಂತಿದ್ದರು. ಕೊನೆಯ ತುಂಡು ಬೇರೆಯಾದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಅವಳು ತುಂಡುಗಳನ್ನು ಕಚ್ಚಾ ಹೊಲಿಗೆಯಲ್ಲಿ ಸೇರಿಸಿ ಅವರ ಮೈಮೇಲೆ ಹಾಕಿದಳು. ಹೆಗಲು ಕೂತಿತು. ಬೆನ್ನು ಕೂತಿತು. ದೋಣಿಯಮ್ಮ ಅಲಮಾರಿಯ ಕನ್ನಡಿಯ ಮುಂದೆ ಹೋಗಿ, ಬಿಳಿ ದಾರದ ದೊಡ್ಡ ದೊಡ್ಡ ಹೊಲಿಗೆಗಳ ಆ ಅರ್ಧ ಕೋಟಿನಲ್ಲಿ ತಮ್ಮನ್ನು ತಾವು ಬಹಳ ಹೊತ್ತು ನೋಡಿಕೊಂಡರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. "ನಮ್ಮತ್ತೆ ನೋಡ್ಬೇಕಿತ್ತು," ಎಂದು ಅಷ್ಟೇ ಅಂದರು. ಆಮೇಲೆ ಖಾಲಿ ಟ್ರಂಕನ್ನು ಎಳೆದು, ಅದರಲ್ಲಿ ಪ್ರಯಾಣದ ಬಟ್ಟೆ ತುಂಬತೊಡಗಿದರು.

ಮಧ್ಯಾಹ್ನ ದೋಣಿಯಮ್ಮನ ಪಾಳಿಯಲ್ಲೇ ಅವಳು ಲಾಂಚು ಹತ್ತಿದಳು. ಕೋಟಿನ ತುಂಡುಗಳು ಮಡಿಲಲ್ಲಿದ್ದವು, ಆ ದಂಡೆಯಲ್ಲಿ ಹಿಡಿದ ಕೋಣೆಗೆ ಹೋಗಿ ಮೆಷಿನ್ನಿಗೆ ಹಾಕಬೇಕು. ಬಿಸಿಲು ಚೆನ್ನಾಗಿತ್ತು. ನೀರಿನ ಮೇಲಿನ ಗಾಳಿಗೆ ಕೂದಲು ಹಾರುತ್ತಿತ್ತು, ಅವಳು ಕಟ್ಟಿಕೊಳ್ಳಲಿಲ್ಲ. ಸುಮ್ಮಸುಮ್ಮನೆ ನಗು ಬರುತ್ತಿತ್ತು. ಎದುರಿಗೆ ಕೂತ ಗಡ್ಡದವನು ತನ್ನನ್ನು ನೋಡಿ ನಗುತ್ತಿದ್ದಾಳೆಂದು ಗಡ್ಡ ಒರೆಸಿಕೊಂಡ. ಆದರೆ ನಗುವಿನ ನಡುನಡುವೆ ಒಂದು ಸಂಕಟವೂ ಇಣುಕಿ ಹೋಗುತ್ತಿತ್ತು. ಅಕ್ಕನಿಲ್ಲದೆ ಆಗಿಬಿಟ್ಟಿತಲ್ಲ. ಇದನ್ನು ಅಕ್ಕನಿಗೆ ಹೇಳುವುದು ಹೇಗೆ? ಕತ್ತರಿ ತಂದವಳು, ಈಗ ಹೂಂ ಕೂಡ ಬೇಡ ಎನ್ನುವುದೇ? ಕೇಳಿದ್ದರೆ ಹೂಂ ಅನ್ನುತ್ತಿದ್ದೆ ಎಂದು ಅಕ್ಕ ಮುಖ ಸಣ್ಣ ಮಾಡಿಕೊಂಡರೆ? ಬಟ್ಟೆ ಇನ್ನೂ ಕತ್ತರಿಸಿಲ್ಲ ಅಂತ ಸುಳ್ಳು ಹೇಳಿ, ಈಗೊಂದು ಸಲ ಶಾಸ್ತ್ರಕ್ಕೆ ಹೂಂ ಅನ್ನಿಸಿಕೊಂಡರೆ ಹೇಗೆ ಎಂದು ಯೋಚಿಸುತ್ತಿರುವಾಗಲೇ ಮಡಿಲಲ್ಲಿ ಫೋನು ಅದುರಿತು. ಅಕ್ಕ.

"ಫೋನ್ ಮಾಡಿದ್ದೆ ಅಲ್ವಾ."

"ಎರಡು ಸಲ ಮಾಡ್ದೆ. ಎಲ್ಲಿ ಹೋಗಿದ್ದೆ?"

"ಎಲ್ಲೂ ಇಲ್ಲ. ಅಂಗಡೀಲೇ ಇದ್ದೆ. ಫೋನು ಕಣ್ಮುಂದೆನೇ ಹೊಡ್ಕೊಳ್ತಿತ್ತು." ಅಕ್ಕ ಮಾತು ತಿರುಗಿಸಿದಳು. "ಬಟ್ಟೆ ಕತ್ತರಿಸ್ಬೇಕಿತ್ತಾ?"

ಸುಳ್ಳು ಗಂಟಲಿನವರೆಗೆ ಬಂದು ನಿಂತಿತು. "ಕತ್ತರಿಸಿ ಆಯ್ತು," ಎಂದಳು.

"ಯಾರು ಹೂಂ ಅಂದ್ರು?"

"ನಾನೇ ಅಂದ್ಕೊಂಡೆ."

ಆ ಕಡೆಯಿಂದ ನಗು ಕೇಳಿಸಿತು, ಅಕ್ಕನ ಮೂಗಿನ ನಗು. "ಇಷ್ಟು ವರ್ಷಕ್ಕೆ ಬುದ್ಧಿ ಬಂತು ಅನ್ನು," ಎಂದಳು. ಆಮೇಲೆ ದನಿ ಇಳಿಯಿತು. "ನಿಂಗೊಂದು ಹೇಳ್ಬೇಕು ಕಣೇ. ಬೈಬೇಡ. ನೀನು ಹೋದ್ಮೇಲೆ ನಾನು ಹೊಲಿಯಕ್ಕೆ ಹೊಸ ಬಟ್ಟೆ ಒಂದೂ ತಗೊಂಡಿಲ್ಲ. ಬರೀ ಬಿಗಿ ಬಿಡ್ಸೋದು, ಉದ್ದ ಇಳ್ಸೋದು, ಜಿಪ್ಪು ಹಾಕೋದು."

"ತುಂಬಾ ಕೆಲಸ, ಉಸಿರಾಡಕ್ಕೆ ಪುರುಸೊತ್ತಿಲ್ಲ ಅಂತಿದ್ದೆ?"

"ಇನ್ನೇನನ್ಲಿ? ಕತ್ತರಿ ಹಾಕಕ್ಕೆ ನಂಗೆ ಕೈ ಬರಲ್ಲ. ಯಾವತ್ತು ಹಾಕಿದೀನಿ ನಾನು?"

"ನೀನೇ ತಾನೆ ಹೂಂ ಅಂತಿದ್ದಿದ್ದು."

"ನೀನು ಅಷ್ಟು ಧೈರ್ಯವಾಗಿ ಕತ್ರಿ ಹಿಡ್ಕೊಂಡು ನಿಂತಿರ್ತಿದ್ಯಲ್ಲ. ಆ ಧೈರ್ಯ ನಂಬಿ ಅಂತಿದ್ದೆ."

ಲಾಂಚು ನೀರಿನ ನಡುವಿಗೆ ಬಂದಿತ್ತು. ಮಡಿಲಲ್ಲಿದ್ದ ನೀಲಿ ಉಣ್ಣೆಯ ಮೇಲೆ ಅಂಗೈ ಊರಿ ಕೂತಳು. ಎರಡೂ ಕಡೆಯವರು ಧೈರ್ಯ ಇನ್ನೊಬ್ಬಳ ಕೈಯಲ್ಲಿದೆ ಎಂದು ನಂಬಿಕೊಂಡು ಇಷ್ಟು ವರ್ಷ ಒಂದು ಅಂಗಡಿಯನ್ನೇ ನಡೆಸಿಬಿಟ್ಟಿದ್ದರು. ಅಕ್ಕನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

"ಡಾಕ್ಟ್ರಮ್ಮ ಬಂದು ಬಟ್ಟೆ ಇಟ್ಟು ಹೋಗಿದಾರೆ," ಅಕ್ಕ ಹೇಳುತ್ತಿದ್ದಳು. "ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ಬೆಳಗ್ಗೆಯಿಂದ ಮುಂದೆ ಹಾಸ್ಕೊಂಡು ಕೂತಿದೀನಿ. ಅದಕ್ಕೇ ನಿನ್ ಫೋನ್ ಎತ್ಲಿಲ್ಲ. ಎತ್ತಿದ್ರೆ, ಏನ್ ಮಾಡ್ತಿದೀಯ ಅಂತ ನೀನು ಕೇಳ್ತಿದ್ದೆ. ಹೊಸ ಕತ್ರಿ ಕೂಡ ತಂದಿದೀನಿ. ಅಮ್ಮಂದು ನಿನ್ ಹತ್ರ ಇರ್ಲಿ, ಅದು ನಿಂದೇ."

"ಎಳೆ ನೋಡ್ಕೊಂಡ್ಯಾ?"

"ನೋಡ್ದೆ."

"ತೋಳಿಗೆ ಬಟ್ಟೆ ಬಿಟ್ಟಿದೀಯಾ?"

"ಬಿಟ್ಟಿದೀನಿ. ಎಲ್ಲಾ ಸರಿಯಿದೆ. ಕತ್ರಿ ಕೈಲೇ ಇದೆ." ಅಕ್ಕ ಗಂಟಲು ಸರಿಮಾಡಿಕೊಂಡಳು. ಅಷ್ಟು ಗಿರಾಕಿಗಳ ಬಾಯಿ ಮುಚ್ಚಿಸಿದ ಆ ದನಿ ಈಗ ಸಣ್ಣ ಹುಡುಗಿಯದಾಗಿತ್ತು. "ಶುರು ಮಾಡ್ಲಾ?"

ಹೂಂ ಅವಳ ಮೂಗಿನ ತುದಿಗೇ ಬಂದಿತ್ತು. ಅನ್ನುವುದು ಎಷ್ಟು ಸುಲಭ, ಎಷ್ಟು ಹಿತ. ಅಂದುಬಿಟ್ಟರೆ ನಾಳೆ ಅಕ್ಕ ಅಂಗಡಿಯ ಹಿಂದಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾಳೆ. ಅವಳು ತುಟಿ ಕಚ್ಚಿಕೊಂಡಳು.

"ಅಕ್ಕಾ, ಗುಂಡುಸೂಜಿ ಡಬ್ಬಿ ಎಲ್ಲಿದೆ?"

"ಇಲ್ಲೇ. ಯಾಕೆ?"

"ಒಂದಷ್ಟು ಬಾಯಿಗೆ ಹಾಕ್ಕೋ. ಯಾವಾಗ್ಲೂ ಹಾಕ್ಕೊಳ್ತಿದ್ಯಲ್ಲ, ಹಾಗೇ."

"ನಿಂಗೇನು ತಲೆ ಕೆಟ್ಟಿದ್ಯಾ?"

"ಹಾಕ್ಕೊಳೇ. ಹೇಳ್ತೀನಿ."

ಡಬ್ಬಿ ತೆಗೆದ ಸದ್ದು. ಸೂಜಿಗಳು ಒಂದಕ್ಕೊಂದು ತಾಗಿದ ಸದ್ದು. ಆಮೇಲೆ ಬಾಯಿ ಮುಚ್ಚಿದ ಅಕ್ಕನ ಉಸಿರು. ದೋಣಿಯಮ್ಮ ದಂಡೆ ಹತ್ತಿರವಾಯಿತೆಂದು ಹಾರನ್ನು ಹಾಕಿದರು. ಅದು ನಿಲ್ಲುವವರೆಗೆ ಅವಳು ಇನ್ನೊಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡು ಕಾದಳು.

"ಈಗ ಹೇಳು ಅಕ್ಕಾ," ಎಂದಳು. "ಶುರು ಮಾಡ್ತೀಯಾ?"

ಆ ಕಡೆ ಅಂಗಡಿಯ ಹಳೆಯ ಫ್ಯಾನು ತಿರುಗುವ ಸದ್ದು ಮಾತ್ರ ಇತ್ತು.

"ಹೂಂ," ಎಂದಳು ಅಕ್ಕ.

ಮತ್ತೆ, ಸಮುದ್ರಗಳನ್ನೆಲ್ಲ ದಾಟಿ, ಹೊಸ ಕತ್ತರಿ ಬಟ್ಟೆಯೊಳಕ್ಕೆ ಇಳಿದ ಕರಕರ ಸದ್ದು ಬಂತು.